ಅಮೆರಿಕದಲ್ಲಿದ್ದು ಭಾರತದಿಂದ ಮಗುವನ್ನು ದತ್ತು ಪಡೆಯುವುದು: ಯಾವುದು ಮೊದಲು, ಯಾವುದು ಆಮೇಲೆ

"ರಜೆಗೆ ಊರಿಗೆ ಹೋಗಿದ್ವಿ. ಅಲ್ಲೊಂದು ಆಶ್ರಮಕ್ಕೆ ಊಟ ಹಾಕಿಸೋಕೆ ಹೋದಾಗ ಒಂದು ಪುಟ್ಟ ಹುಡುಗಿ ನಮ್ಮ ಕೈ ಬಿಡಲೇ ಇಲ್ಲ. ಅವಳನ್ನೇ ದತ್ತು ತಗೋಬೇಕು ಅಂತಿದ್ದೀವಿ. ಏನು ಮಾಡಬೇಕು?"

ಈ ಫೋನ್ ನನಗೆ ಪ್ರತಿ ಆಗಸ್ಟ್ ಮತ್ತು ಜನವರಿಯಲ್ಲಿ ಬರುತ್ತದೆ. ರಜೆ ಮುಗಿಸಿ ವಾಪಸ್ ಬಂದವರು. ಅವರ ದನಿಯಲ್ಲಿರುವ ಆಸೆ ಗೊತ್ತಾಗುತ್ತದೆ, ನಾವೂ ಹಾಗೇ ಶುರು ಮಾಡಿದವರು. ಆದರೆ ಉತ್ತರ ಮಾತ್ರ ಖುಷಿ ಕೊಡುವಂಥದ್ದಲ್ಲ. ಕಣ್ಣಿಗೆ ಬಿದ್ದ ಮಗುವನ್ನು ಆರಿಸಿಕೊಂಡು ಅರ್ಜಿ ಹಾಕುವ ದಾರಿ ಭಾರತದಲ್ಲಿ ಇಲ್ಲ. ಮೊದಲು ನೀವು ಯೋಗ್ಯರು ಅಂತ ಎರಡು ದೇಶ ಒಪ್ಪಬೇಕು. ಆಮೇಲೆ ಸರದಿ. ಮಗು ಕೊನೆಗೆ.

ಈ ಕ್ರಮ ತಪ್ಪಿದರೆ ದುಡ್ಡು ಹೋಗುವುದಷ್ಟೇ ಅಲ್ಲ, ಮಗು ಒಂದು ದೇಶದಲ್ಲಿ, ಅಪ್ಪ ಅಮ್ಮ ಇನ್ನೊಂದು ದೇಶದಲ್ಲಿ ಅಂತ ಆಗಬಹುದು. ಅದಕ್ಕೇ ಈ ಲೇಖನದಲ್ಲಿ ಕ್ರಮದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇರೆ ದೇಶದಲ್ಲಿದ್ದರೆ ಭಾರತದ ಕಡೆಯ ಕೆಲಸ ಹೆಚ್ಚುಕಡಿಮೆ ಇದೇ, ನೀವಿರುವ ಕಡೆಯದು ಬದಲಾಗುತ್ತದೆ.

ಮೊದಲು ಕೆಲವು ಹೆಸರುಗಳ ಪರಿಚಯ

ಹೇಗ್ ಒಪ್ಪಂದ: ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವಾಗ ಮಾರಾಟ, ಮೋಸ ಆಗದಿರಲಿ ಅಂತ 1993ರಲ್ಲಿ ಆದ ಒಪ್ಪಂದ. ಭಾರತ 2003ರಲ್ಲಿ ಸೇರಿತು. ಅಮೆರಿಕದಲ್ಲಿ 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಕಾರಾ: ದೆಹಲಿಯಲ್ಲಿರುವ ಕೇಂದ್ರ ದತ್ತು ಸ್ವೀಕಾರ ಸಂಪನ್ಮೂಲ ಪ್ರಾಧಿಕಾರ. ಹೆಸರು ಬಾಯಿ ತುಂಬ ಇದೆ, ಎಲ್ಲರೂ ಕಾರಾ ಅಂತಲೇ ಕರೆಯುತ್ತಾರೆ. ಭಾರತದಿಂದ ಹೊರಗೆ ಹೋಗುವ ಪ್ರತಿ ದತ್ತು ಮಗುವಿನ ಕಾಗದವೂ ಇವರ ಕೈ ದಾಟಲೇಬೇಕು. ಇವರ ಆನ್‌ಲೈನ್ ವ್ಯವಸ್ಥೆಯ ಹೆಸರು ಕೇರಿಂಗ್ಸ್.

ದತ್ತು ಸಂಸ್ಥೆ: ಮಗುವನ್ನು ಸಾಕುತ್ತಿರುವ, ದತ್ತು ಕೊಡಲು ಸರ್ಕಾರದ ಮಾನ್ಯತೆ ಇರುವ ಸಂಸ್ಥೆ. ಎಲ್ಲ ಅನಾಥಾಶ್ರಮಕ್ಕೂ ಈ ಮಾನ್ಯತೆ ಇರುವುದಿಲ್ಲ. ನೀವು ಊಟ ಹಾಕಿಸಿದ ಆಶ್ರಮಕ್ಕೆ ಇರಲಿಕ್ಕಿಲ್ಲ.

ಮಕ್ಕಳ ಕಲ್ಯಾಣ ಸಮಿತಿ: ಜಿಲ್ಲಾ ಮಟ್ಟದ ಸಮಿತಿ. ಮಗುವನ್ನು ಕಾನೂನಿನ ಪ್ರಕಾರ ದತ್ತು ಕೊಡಬಹುದು ಅಂತ ಇವರು ಘೋಷಿಸಿದ ಮೇಲೆಯೇ ಮುಂದಿನದೆಲ್ಲ. ಹೆತ್ತವರು ತಾವಾಗಿ ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳು ಸಮಯ ಕೊಡುತ್ತಾರೆ.

ಹಂತ 1: ನಿಮ್ಮ ವೀಸಾ ನೋಡಿಕೊಳ್ಳಿ

ಹೌದು, ಮಗುವಿನದಲ್ಲ, ನಿಮ್ಮದು. ಜಾಸ್ತಿ ಜನ ಎಡವುವುದು ಇಲ್ಲೇ.

ಹೇಗ್ ದಾರಿಯಲ್ಲಿ ಅಮೆರಿಕದ ವಲಸೆ ಇಲಾಖೆಗೆ ಹಾಕುವ ಮೊದಲ ಅರ್ಜಿಯ ಹೆಸರು ಐ-800ಎ. ಇದನ್ನು ಹಾಕಲು ದಂಪತಿಯಲ್ಲಿ ಕನಿಷ್ಠ ಒಬ್ಬರು ಅಮೆರಿಕದ ಪ್ರಜೆ ಆಗಿರಬೇಕು. ಕೆಲಸದ ವೀಸಾ ಎಚ್-1ಬಿ ಸಾಲದು. ಗ್ರೀನ್ ಕಾರ್ಡೂ ಸಾಲದು. ಇಬ್ಬರೂ ಗ್ರೀನ್ ಕಾರ್ಡ್‌ನಲ್ಲಿದ್ದರೆ ಒಬ್ಬರ ಪೌರತ್ವ ಆಗುವವರೆಗೆ ಕಾಯಿರಿ ಎನ್ನುವುದೇ ನನ್ನ ಸಲಹೆ.

ಇಲ್ಲಿ ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನ ಮನೆ ವಿಳಾಸ ಕೊಟ್ಟು, ನಾವು ಭಾರತದಲ್ಲೇ ಇರುವವರು ಅಂತ ಕಾರಾದಲ್ಲಿ ರಿಜಿಸ್ಟರ್ ಮಾಡಿಸುವುದು. ಮಾಡಬೇಡಿ. ಒಂದನೆಯದಾಗಿ ಅದು ಸುಳ್ಳು ದಾಖಲೆ. ಎರಡನೆಯದು, ದತ್ತು ಆದೇಶ ಕೈಗೆ ಬಂದರೂ ಮಗುವಿಗೆ ಅಮೆರಿಕದ ವೀಸಾ ಸಿಗುವುದಿಲ್ಲ. ಹೇಗ್ ದಾರಿ ಬಿಟ್ಟರೆ ಉಳಿಯುವುದು ಮಗುವಿನ ಜೊತೆ ಎರಡು ವರ್ಷ ಒಟ್ಟಿಗೆ ವಾಸ, ಎರಡು ವರ್ಷದ ಕಾನೂನುಬದ್ಧ ಪಾಲನೆ ತೋರಿಸಬೇಕಾದ ದಾರಿ. ಅಂದರೆ ಯಾರೋ ಒಬ್ಬರು ಕೆಲಸ ಬಿಟ್ಟು ಊರಿನಲ್ಲಿ ಇರಬೇಕು. ಅಷ್ಟಾದ ಮೇಲೂ ಅಮೆರಿಕದ ಪ್ರಜೆಗಳಿಗೆ ಆ ದಾರಿ ಅಷ್ಟು ಸಲೀಸಲ್ಲ, ಏಕೆಂದರೆ ಹೇಗ್ ದಾರಿ ತಪ್ಪಿಸಿಕೊಂಡು ಬಂದಿದ್ದೇಕೆ ಅಂತ ಕೇಳುತ್ತಾರೆ.

ಹಂತ 2: ಭಾರತದ ನಿಯಮಕ್ಕೆ ನೀವು ಹೊಂದುತ್ತೀರಾ?

ಈಗ ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿ. ಯಾವ ಧರ್ಮದವರಾದರೂ ಈ ಕಾಯ್ದೆಯಲ್ಲಿ ದತ್ತು ಪಡೆಯಬಹುದು. ಮುಖ್ಯ ಲೆಕ್ಕ ಇಷ್ಟು:

– ದಂಪತಿಯಾದರೆ ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು. ಇಬ್ಬರೂ ಒಪ್ಪಿರಬೇಕು.
– ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ.
– ಮಗುವಿಗೂ ಅಪ್ಪ ಅಮ್ಮನಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು.
– ಗಂಡ ಹೆಂಡತಿ ವಯಸ್ಸು ಕೂಡಿಸಿದರೆ 85 ಮೀರಬಾರದು, ಮಗುವಿಗೆ 2 ವರ್ಷದ ಒಳಗಿದ್ದರೆ. 2ರಿಂದ 4 ವರ್ಷದ ಮಗುವಿಗೆ ಈ ಮಿತಿ 90, 4ರಿಂದ 8ಕ್ಕೆ 100, ಅದಕ್ಕೂ ದೊಡ್ಡ ಮಗುವಿಗೆ 110. ಒಬ್ಬರೇ ಪಡೆಯುವುದಾದರೆ ಕ್ರಮವಾಗಿ 40, 45, 50, 55.
– ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ ವಿಶೇಷ ಅಗತ್ಯವಿರುವ, ಅಥವಾ ಬೇಗ ಮನೆ ಸಿಗದ ಮಕ್ಕಳನ್ನು ಮಾತ್ರ ಪಡೆಯಬಹುದು.

ಗಂಡನಿಗೆ 44, ಹೆಂಡತಿಗೆ 42 ಅಂದುಕೊಳ್ಳಿ. ಮೊತ್ತ 86. ಕೂಸು ಬೇಕು ಅಂದರೆ ಆಗಲೇ ತಡವಾಗಿದೆ. ಮೂರು ವರ್ಷದ ಮಗು ಆಗಬಹುದು ಅಂದರೆ ಬಾಗಿಲು ತೆರೆದಿದೆ. "ಮಗುವೇ ಬೇಕು, ಅದೂ ಆರು ತಿಂಗಳ ಒಳಗಿನದು" ಅಂತ ಹಟ ಹಿಡಿದವರು ಸುಮ್ನೆ ವರ್ಷಗಟ್ಟಲೆ ಕಾಯುತ್ತಾರೆ.

ಹಂತ 3: ಏಜೆನ್ಸಿ ಆರಿಸಿ

ನೇರವಾಗಿ ಕಾರಾಕ್ಕೆ ಅರ್ಜಿ ಹಾಕಲು ಆಗುವುದಿಲ್ಲ. ಅಮೆರಿಕದ ಮಾನ್ಯತೆಯೂ ಇರುವ, ಕಾರಾದ ಅನುಮತಿಯೂ ಇರುವ ಏಜೆನ್ಸಿ ಬೇಕು. ಎರಡೂ ಇರಲೇಬೇಕು. ಅನುಮತಿ ಪಡೆದವರ ಪಟ್ಟಿ ಕಾರಾ ಜಾಲತಾಣದಲ್ಲಿದೆ, ಅಲ್ಲಿ ಹೆಸರಿಲ್ಲದಿದ್ದರೆ ಮಾತೇ ಬೇಡ. ಏಜೆನ್ಸಿ ಇಲ್ಲದ ದೇಶಗಳಲ್ಲಿ, ಉದಾಹರಣೆಗೆ ಕೊಲ್ಲಿಯ ಕಡೆ ಇರುವ ಭಾರತೀಯರು, ಭಾರತದ ರಾಯಭಾರ ಕಚೇರಿಯ ಮೂಲಕ ಹೋಗುತ್ತಾರೆ.

ಮೊದಲ ಫೋನ್‌ನಲ್ಲೇ ಕೇಳಿ: ಕಳೆದ ವರ್ಷ ಭಾರತದಿಂದ ಎಷ್ಟು ಮಕ್ಕಳು ನಿಮ್ಮ ಮೂಲಕ ಬಂದರು? ಅವರ ವಯಸ್ಸೆಷ್ಟು? ಭಾರತದಲ್ಲಿ ನಿಮ್ಮ ಪರವಾಗಿ ಓಡಾಡುವವರು ಯಾರು? ನಾವು ಮಧ್ಯದಲ್ಲಿ ನಿಲ್ಲಿಸಿದರೆ ಯಾವ ದುಡ್ಡು ವಾಪಸ್? ಕೊನೆಯ ಪ್ರಶ್ನೆಯನ್ನು ನಾವು ಕೇಳಲಿಲ್ಲ. ನಮ್ಮ ಮೊದಲ ಏಜೆನ್ಸಿ ಭಾರತದ ಕೆಲಸವನ್ನೇ ನಿಲ್ಲಿಸಿತು, ಕಟ್ಟಿದ ದುಡ್ಡಿನಲ್ಲಿ ಒಂದು ರೂಪಾಯಿಯೂ ಬರಲಿಲ್ಲ.

ಖರ್ಚು ಹೀಗೆ ಬೀಳುತ್ತದೆ: ಏಜೆನ್ಸಿ ಶುಲ್ಕ, ಗೃಹ ಅಧ್ಯಯನ, ವಲಸೆ ಅರ್ಜಿ, ಕಾಗದಗಳಿಗೆ ಅಪಾಸ್ಟಿಲ್ (ಈ ದೇಶದ ದಾಖಲೆಯನ್ನು ಆ ದೇಶ ನಂಬಲಿ ಅಂತ ಸರ್ಕಾರ ಹಾಕುವ ಮುದ್ರೆ), ಭಾರತದ ದತ್ತು ಸಂಸ್ಥೆಗೆ ನಿಯಮದ ಪ್ರಕಾರ 5,000 ಡಾಲರ್, ಪ್ರಯಾಣ. ದತ್ತು ಸಂಸ್ಥೆಗೆ ಈ 5,000 ಬಿಟ್ಟು "ದೇಣಿಗೆ" ಅಂತ ಯಾರಾದರೂ ಕೇಳಿದರೆ ಅಲ್ಲೇ ನಿಲ್ಲಿಸಿ. ಅಮೆರಿಕದ ತೆರಿಗೆಯಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. 2025ಕ್ಕೆ ದತ್ತು ತೆರಿಗೆ ರಿಯಾಯಿತಿ ಒಂದು ಮಗುವಿಗೆ 17,280 ಡಾಲರ್‌ವರೆಗೆ, ಆದಾಯದ ಮಿತಿ ಇದೆ. ಹೊರದೇಶದ ಮಗುವಾದರೆ ದತ್ತು ಪೂರ್ತಿಯಾದ ವರ್ಷದಲ್ಲೇ ಕ್ಲೇಮ್ ಮಾಡಬೇಕು, ಅದಕ್ಕೆ ಮೊದಲು ಆಗುವುದಿಲ್ಲ.

ಹಂತ 4: ಗೃಹ ಅಧ್ಯಯನ

ಸಮಾಜ ಕಾರ್ಯಕರ್ತರು ಮನೆಗೆ ಬಂದು, ನಿಮ್ಮ ಹತ್ತಿರ ಒಟ್ಟಿಗೆ ಮತ್ತು ಬೇರೆ ಬೇರೆಯಾಗಿ ಮಾತಾಡಿ ಬರೆಯುವ ವರದಿ ಇದು. ಆದಾಯ, ಆರೋಗ್ಯ, ಪೊಲೀಸ್ ದಾಖಲೆ, ಮದುವೆ, ಬೆಳೆದ ರೀತಿ ಎಲ್ಲ ಬರುತ್ತದೆ. ಇದರ ಜೊತೆಗೆ ಕನಿಷ್ಠ 10 ಗಂಟೆ ತರಬೇತಿ ಕಡ್ಡಾಯ.

ನಮ್ಮವರು ತಡಬಡಾಯಿಸುವ ಜಾಗ ಮೂರು.

ಒಂದು, ಶಿಸ್ತಿನ ಪ್ರಶ್ನೆ. "ಮಗು ಹಟ ಮಾಡಿದರೆ ಏನು ಮಾಡುತ್ತೀರಿ?" ಅಂದರೆ, "ನಮ್ಮಪ್ಪ ಎರಡು ಬಾರಿಸ್ತಿದ್ರು, ನಾವೇನು ಕೆಟ್ಟೋದ್ವಾ" ಅಂತ ನಗುತ್ತಾ ಹೇಳುವವರಿದ್ದಾರೆ. ಅದು ವರದಿಗೆ ಹೋಗುತ್ತದೆ. ಸುಳ್ಳು ಹೇಳಿ ಅಂತಲ್ಲ. ಹೊಡೆಯದೆ ಹೇಗೆ ಅಂತ ನಿಜವಾಗಿ ಯೋಚಿಸಿಕೊಂಡು ಹೋಗಿ.

ಎರಡು, ಅತ್ತೆ ಮಾವ. ಮನೆಯಲ್ಲೇ ವಾಸವಿರುವ ದೊಡ್ಡವರೆಲ್ಲರ ಬೆರಳಚ್ಚು ಮತ್ತು ಹಿನ್ನೆಲೆ ಪರಿಶೀಲನೆ ಆಗಬೇಕು. ಆರು ತಿಂಗಳಿಗೆ ಅಂತ ಬಂದ ಅಜ್ಜಿ ತಾತ ಮನೆಯಲ್ಲಿದ್ದರೆ ಮೊದಲೇ ಹೇಳಿಬಿಡಿ. "ಅವರು ಬರೀ ವಿಸಿಟರ್" ಅಂತ ಮುಚ್ಚಿಟ್ಟರೆ ಆಮೇಲೆ ತೊಂದರೆ.

ಮೂರು, ನಮ್ಮ ಇನಿಷಿಯಲ್. ಇದರಷ್ಟು ಕಾಡುವುದು ಇನ್ನೊಂದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಎಚ್. ಎನ್. ರವಿ". ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ರವಿ. ಅಮೆರಿಕದ ಪೌರತ್ವ ಪತ್ರದಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಮದುವೆ ಪ್ರಮಾಣಪತ್ರದಲ್ಲಿ ಹೆಂಡತಿಯ ಹೆಸರಿಗೆ ಅವಳ ಅಪ್ಪನ ಇನಿಷಿಯಲ್. ದೆಹಲಿಯಲ್ಲಿ ಕೂತು ನೋಡುವವರಿಗೆ ಇದು ನಾಲ್ಕು ಬೇರೆ ಬೇರೆ ಜನ. ಶುರುವಿನಲ್ಲೇ ಒಂದು ಹಾಳೆಯಲ್ಲಿ ಎಲ್ಲ ದಾಖಲೆಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಸಾಲಾಗಿ ಬರೆಯಿರಿ. ವ್ಯತ್ಯಾಸ ಇದ್ದ ಕಡೆ ಇವೆಲ್ಲ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ, ಅಪಾಸ್ಟಿಲ್ ಎರಡೂ ಹಾಕಿಸಿ.

ವರದಿ ಕೈಗೆ ಬಂದಾಗ ಪ್ರತಿ ಸಾಲು ಓದಿ. "0ರಿಂದ 2 ವರ್ಷದ ಆರೋಗ್ಯವಂತ ಹೆಣ್ಣು ಮಗು" ಅಂತ ಬರೆದಿದ್ದರೆ ಮುಂದೆ ಮೂರು ವರ್ಷದ ಮಗು ಬಂದಾಗ ವರದಿಯನ್ನೇ ತಿದ್ದಿಸಬೇಕು. ವಯಸ್ಸಿನ ಮಿತಿಯನ್ನು ಮೊದಲೇ ಸ್ವಲ್ಪ ಅಗಲವಾಗಿ ಹಾಕಿಸಿ.

ಹಂತ 5: ಐ-800ಎ, ಆಮೇಲೆ ಕಾರಾ

ಗೃಹ ಅಧ್ಯಯನದ ಜೊತೆ ಐ-800ಎ ಹೋಗುತ್ತದೆ. ಒಪ್ಪಿಗೆ ಬಂದ ಮೇಲೆ ಏಜೆನ್ಸಿ ನಿಮ್ಮ ಕಡತವನ್ನು ಕೇರಿಂಗ್ಸ್‌ಗೆ ಏರಿಸುತ್ತದೆ. ಅಲ್ಲಿಂದ ಸರದಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳನ್ನು ಸರದಿಯಲ್ಲಿ ದೇಶದೊಳಗಿನವರ ಸಮಾನವಾಗಿ ನೋಡುತ್ತಾರೆ.

ಎಷ್ಟು ಕಾಯಬೇಕು? ಆರೋಗ್ಯವಂತ ಪುಟ್ಟ ಮಗು ಬೇಕೆಂದರೆ ಮೂರು ವರ್ಷ ದಾಟುವುದು ಮಾಮೂಲಿ. ಐದು ದಾಟಿದ ಮಗು, ಅಣ್ಣ ತಂಗಿ ಒಟ್ಟಿಗೆ, ಅಥವಾ ವಿಶೇಷ ಅಗತ್ಯವಿರುವ ಮಗು ಅಂದರೆ ಬೇಗ. ಈ ಮಧ್ಯೆ ದಾಖಲೆಗಳ ವಾಯಿದೆ ಮುಗಿಯುತ್ತದೆ. ಐ-800ಎ ಒಪ್ಪಿಗೆ 15 ತಿಂಗಳಿಗೆ ಮಾತ್ರ, ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಕಾರಾ ಕಡೆ ಗೃಹ ಅಧ್ಯಯನ 3 ವರ್ಷ ನಡೆಯುತ್ತದೆ. ಮನೆ ಬದಲಿಸಿದರೆ, ಕೆಲಸ ಹೋದರೆ, ಬಸುರಾದರೆ ಏಜೆನ್ಸಿಗೆ ತಕ್ಷಣ ಹೇಳಿ.

"ಕನ್ನಡ ಗೊತ್ತಿರುವ ಮಗು, ಕರ್ನಾಟಕದ ಮಗು" ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಗು ಒಡಿಶಾದಿಂದ ಬರಬಹುದು, ಮಹಾರಾಷ್ಟ್ರದಿಂದ ಬರಬಹುದು.

ಈ ಹಂತದಲ್ಲಿ ಮೊದಲು ಹೇಳಿದ ಆಶ್ರಮದ ವಿಷಯಕ್ಕೆ ವಾಪಸ್ ಬರುತ್ತೇನೆ. ಹೇಗ್ ಒಪ್ಪಂದದ 29ನೇ ವಿಧಿ ಪ್ರಕಾರ, ಎರಡೂ ಕಡೆಯ ಆರಂಭದ ಒಪ್ಪಿಗೆಗಳು ಆಗುವ ಮೊದಲು ನೀವು ಮಗುವಿನ ಹೆತ್ತವರನ್ನಾಗಲಿ ಸಾಕುತ್ತಿರುವವರನ್ನಾಗಲಿ ಸಂಪರ್ಕಿಸಬಾರದು. ಸಂಬಂಧಿಕರೊಳಗಿನ ದತ್ತು ಇದಕ್ಕೆ ಹೊರತು. ಒಳ್ಳೆಯ ಮನಸ್ಸಿನಿಂದ ಮಾಡಿದ ಆ ಭೇಟಿ, ಆಮೇಲಿನ ವಾಟ್ಸಾಪ್ ವಿಡಿಯೋ ಕಾಲ್‌ಗಳು ಅರ್ಜಿಗೇ ಅಡ್ಡ ಬರಬಹುದು.

ಇನ್ನು "ಇಂಥ ನರ್ಸಿಂಗ್ ಹೋಮ್‌ನಲ್ಲಿ ಒಂದು ಹಸುಗೂಸಿದೆ, ಇಷ್ಟು ಲಕ್ಷ ಕೊಟ್ಟರೆ ಬರ್ತ್ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲೇ ಮಾಡಿಸ್ತಾರೆ" ಎನ್ನುವ ಮಾತು ಬಂದರೆ ಅದು ದತ್ತು ಅಲ್ಲ, ಮಗುವಿನ ಮಾರಾಟ. ಬಾಲ ನ್ಯಾಯ ಕಾಯ್ದೆಯ 81ನೇ ಸೆಕ್ಷನ್‌ನಲ್ಲಿ ಕೊಟ್ಟವರಿಗೂ ತಗೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ತಿಳಿಸಬೇಕಾದ ನಂಬರ್ ಮಕ್ಕಳ ಸಹಾಯವಾಣಿ 1098.

ಹಂತ 6: ಮಗುವಿನ ವಿವರ ಬಂದ ದಿನ

ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಬರುತ್ತವೆ. ಮಗುವನ್ನು ಕಾಯ್ದಿರಿಸಲು ಸಿಗುವುದು ಗಂಟೆಗಳ ಲೆಕ್ಕದ ಸಮಯ. ಆಮೇಲೆ ಸಹಿ ಹಾಕಿ ಒಪ್ಪಿಕೊಳ್ಳಲು 30 ದಿನ.

ಫೋಟೋ ನೋಡಿದ ಕೂಡಲೇ ಕಣ್ಣೀರು ಬರುತ್ತದೆ, ಬರಲಿ. ಆದರೆ ವೈದ್ಯಕೀಯ ವರದಿಯನ್ನು ಆ ಕಣ್ಣಿನಿಂದ ಓದಬೇಡಿ. ದತ್ತು ಮಕ್ಕಳನ್ನು ನೋಡಿ ಅನುಭವವಿರುವ ಮಕ್ಕಳ ವೈದ್ಯರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡು ಅವತ್ತೇ ಕಳಿಸಿ. ಹುಟ್ಟಿದಾಗಿನ ತೂಕ, ತಲೆಯ ಸುತ್ತಳತೆ ತಿಂಗಳು ತಿಂಗಳು ಹೇಗೆ ಏರಿದೆ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಯಾವ ವಯಸ್ಸಿನಲ್ಲಿ ಆಗಿದೆ, ಕೂರುವುದು ನಡೆಯುವುದು ಯಾವಾಗ ಶುರುವಾಯಿತು, ಇವನ್ನು ಕೇಳಿ. ವರದಿ ಹಳೆಯದಾಗಿದ್ದರೆ ಹೊಸ ಅಳತೆ, ಒಂದು ಚಿಕ್ಕ ವಿಡಿಯೋ ಕೇಳಿ. "ನಾರ್ಮಲ್" ಅಂತ ಬರೆದಿದ್ದರೆ ಏನೂ ತೊಂದರೆ ಇರುವುದೇ ಇಲ್ಲ ಅಂತ ಅರ್ಥವಲ್ಲ. "ಬೆಳವಣಿಗೆ ನಿಧಾನ" ಅಂತ ಬರೆದಿದ್ದರೆ ಹೆದರಿ ಓಡಬೇಕಾಗಿಯೂ ಇಲ್ಲ. ಸಂಸ್ಥೆಯಲ್ಲಿ ಬೆಳೆದ ಎಷ್ಟೋ ಮಕ್ಕಳು ಮಾತು ತಡವಾಗಿ ಆಡುತ್ತಾರೆ.

ಹಂತ 7: ಒಪ್ಪಿಗೆಗಳ ಸಾಲು

ಇಲ್ಲಿ ಕ್ರಮವೇ ಎಲ್ಲ. ಒಪ್ಪಿ ಸಹಿ ಹಾಕಿದ ಮೇಲೆ ಆ ಮಗುವಿನ ಹೆಸರಿನಲ್ಲಿ ಐ-800 ಎಂಬ ಎರಡನೇ ಅರ್ಜಿ. ಅದಕ್ಕೆ ತಾತ್ಕಾಲಿಕ ಒಪ್ಪಿಗೆ. ಆಮೇಲೆ ಅಮೆರಿಕದ ರಾಯಭಾರ ಕಚೇರಿಯಿಂದ ಹೇಗ್ ಒಪ್ಪಂದದ 5ನೇ ವಿಧಿಯ ಪತ್ರ, ಅಂದರೆ ಈ ದಂಪತಿ ಯೋಗ್ಯರು, ಮಗು ನಮ್ಮ ದೇಶಕ್ಕೆ ಬರಬಹುದು ಅಂತ. ಅದನ್ನು ನೋಡಿ ಕಾರಾದಿಂದ ನಿರಾಕ್ಷೇಪಣಾ ಪತ್ರ. ಎಲ್ಲರೂ ಎನ್‌ಒಸಿ ಅಂತಾರೆ. ಅದಾದ ಮೇಲೆ ದತ್ತು ಆದೇಶ.

ತಾತ್ಕಾಲಿಕ ಒಪ್ಪಿಗೆ ಬರುವ ಮೊದಲೇ ಭಾರತದಲ್ಲಿ ದತ್ತು ಆದೇಶ ಮಾಡಿಸಿಬಿಟ್ಟರೆ ಅಮೆರಿಕ ಅರ್ಜಿಯನ್ನು ತಿರಸ್ಕರಿಸಬಹುದು. ದೊಡ್ಡ ಮಗುವಾದರೆ ಇನ್ನೊಂದು ಗಡುವು: ಐ-800 ಅರ್ಜಿ ಮಗುವಿಗೆ 16 ತುಂಬುವ ಮೊದಲೇ ಬಿದ್ದಿರಬೇಕು. ಭಾರತದಲ್ಲಿ 18ರವರೆಗೆ ದತ್ತು ಆಗುತ್ತದಲ್ವಾ ಅಂತ ನಂಬಿ ಕೂತರೆ ಕೆಟ್ಟಂತೆ.

ದತ್ತು ಆದೇಶವನ್ನು ಮೊದಲು ಕೋರ್ಟ್ ಕೊಡುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಅರ್ಜಿ ಬಿದ್ದ ಎರಡು ತಿಂಗಳ ಒಳಗೆ ಮುಗಿಸಬೇಕು ಅಂತ ನಿಯಮ. ಎನ್‌ಒಸಿ ಬಂದ ಮೇಲೆ, ಆದೇಶಕ್ಕೆ ಕಾಯುತ್ತಿರುವಾಗಲೇ ಮಗುವನ್ನು ಭಾರತದೊಳಗೆ ನಿಮ್ಮ ಜೊತೆ ಇಟ್ಟುಕೊಳ್ಳಲು ಅವಕಾಶವಿದೆ. ರಜೆ ಇದ್ದರೆ ಬಳಸಿಕೊಳ್ಳಿ.

ಆದೇಶ ಕೈಗೆ ಬಂದ ಕ್ಷಣ ಡಿಸಿ ಕಚೇರಿಯಿಂದ ಹೊರಗೆ ಬರುವ ಮೊದಲು ಅಲ್ಲೇ ನಿಂತು ಓದಿ. ನಿಮ್ಮ ಹೆಸರು, ಮಗುವಿನ ಹೊಸ ಹೆಸರು, ಹುಟ್ಟಿದ ದಿನ. ಇದೇ ಸ್ಪೆಲ್ಲಿಂಗ್ ಜನನ ಪ್ರಮಾಣಪತ್ರಕ್ಕೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ವೀಸಾಕ್ಕೆ ಹೋಗುತ್ತದೆ.

ಹಂತ 8: ಪಾಸ್‌ಪೋರ್ಟ್, ವೀಸಾ, ವಿಮಾನ

ಮಗುವಿಗೆ ಭಾರತದ ಪಾಸ್‌ಪೋರ್ಟ್ ಆಗುತ್ತದೆ. ಕಾರಾ ಕೊಡುವ ಅನುಸರಣಾ ಪ್ರಮಾಣಪತ್ರ, ಅಂದರೆ ಎಲ್ಲವೂ ಹೇಗ್ ಒಪ್ಪಂದದ ಪ್ರಕಾರ ನಡೆದಿದೆ ಎನ್ನುವ ಕಾಗದ, ಬರುತ್ತದೆ. ಆಮೇಲೆ ವೀಸಾ ವೈದ್ಯಕೀಯ ಪರೀಕ್ಷೆ, ಹೇಗ್ ದಾರಿಯಲ್ಲಿ ದತ್ತು ಆದ ಮಗುವಿಗೆ ಕೊಡುವ ಐಎಚ್-3 ವೀಸಾ. ಈ ವೀಸಾದಲ್ಲಿ ಬಂದ ಮಗು ನಿಮ್ಮ ಜೊತೆ ವಾಸಿಸಲು ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ಅಲ್ಲಿನ ಪ್ರಜೆ. ಪೌರತ್ವ ಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ.

ಅಣ್ಣನ ಮಗು, ತಂಗಿಯ ಮಗು ಆದರೆ?

"ನಮ್ಮ ತಂಗಿ ಮೈಸೂರಿನಲ್ಲಿದ್ದಾಳೆ, ಅವಳ ಎರಡನೇ ಮಗುವನ್ನು ನಮಗೆ ಕೊಡ್ತೀನಿ ಅಂತಾಳೆ." ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ 1956ರ ಹಿಂದೂ ದತ್ತು ಕಾಯ್ದೆ ಪ್ರಕಾರ ಪತ್ರ ಮಾಡಿಸಿದರೆ ಮುಗೀತು ಅಂತ ಊರಿನ ವಕೀಲರು ಹೇಳುತ್ತಾರೆ. ಊರಲ್ಲೇ ಇರುವವರಿಗೆ ಅದು ಸಾಕಾಗಬಹುದು. ಮಗುವನ್ನು ಹೊರಗೆ ಕರೆದೊಯ್ಯಲು ಕಾರಾದ ಎನ್‌ಒಸಿ ಬೇಕೇ ಬೇಕು.

ಬಾಲ ನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರು ಅಂದರೆ ಮಗುವಿನ ಅಪ್ಪನ ಅಥವಾ ಅಮ್ಮನ ಒಡಹುಟ್ಟಿದವರು, ಮತ್ತು ಎರಡೂ ಕಡೆಯ ಅಜ್ಜ ಅಜ್ಜಿ. ಅಷ್ಟೇ. ದೊಡ್ಡಪ್ಪನ ಮಗನ ಮಗು ನಿಮ್ಮನ್ನು ಬಾಯ್ತುಂಬ ಚಿಕ್ಕಪ್ಪ ಅಂದರೂ ಕಾನೂನಿಗೆ ನೀವು ಚಿಕ್ಕಪ್ಪ ಅಲ್ಲ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು.

ಅಮೆರಿಕದ ಕಡೆಯದು ಇದಕ್ಕಿಂತ ಬಿಗಿ. ಹೆತ್ತವರಿಬ್ಬರೂ ಬದುಕಿದ್ದರೆ, ಅವರಿಗೆ ಆ ಮಗುವನ್ನು ಸರಿಯಾಗಿ ನೋಡಿಕೊಳ್ಳಲು ಆಗುತ್ತಿಲ್ಲ ಎನ್ನುವುದು ಸಾಬೀತಾಗಬೇಕು. ಮೈಸೂರಿನಲ್ಲಿ ಸ್ವಂತ ಮನೆ, ಇಬ್ಬರಿಗೂ ಕೆಲಸ ಇರುವ ತಂಗಿ ಪ್ರೀತಿಯಿಂದ ಕೊಡುವ ಮಗುವಿಗೆ ಈ ದಾರಿ ತೆರೆಯುವುದು ಕಷ್ಟ. ತಂಗಿಯ ಹತ್ತಿರ ಮಾತು ಪಕ್ಕಾ ಮಾಡಿಕೊಳ್ಳುವ ಮೊದಲು ದತ್ತು ವಲಸೆ ಗೊತ್ತಿರುವ ವಕೀಲರ ಒಂದು ಗಂಟೆ ಸಮಯಕ್ಕೆ ದುಡ್ಡು ಕೊಡಿ. ಇಲ್ಲದಿದ್ದರೆ ಮುರಿಯುವುದು ಅರ್ಜಿ ಮಾತ್ರ ಅಲ್ಲ.

ಮನೆಗೆ ಬಂದ ಮೇಲೆ

ಮಗುವಿನ ಭಾಷೆಯಲ್ಲಿ ಐವತ್ತು ಮಾತು ಕಲಿತುಕೊಂಡು ಹೋಗಿ. ನೀರು, ಹಸಿವು, ನೋವು, ಬಚ್ಚಲು, ಭಯ, "ನಾನು ಇಲ್ಲೇ ಇದ್ದೀನಿ". ಅಲ್ಲಿನ ದಾದಿಯ ಹತ್ತಿರ ಮಗು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಮಗು ಹೊದ್ದುಕೊಳ್ಳುತ್ತಿದ್ದ ಬಟ್ಟೆ ಕೊಟ್ಟರೆ ಒಗೆಯದೆ ತನ್ನಿ, ಆ ವಾಸನೆ ಬೇಕು. ಚಪಾತಿ ಚೂರನ್ನು ದಿಂಬಿನ ಕೆಳಗೆ ಬಚ್ಚಿಡುವ ಮಕ್ಕಳಿರುತ್ತಾರೆ. ಬೈಯಬೇಡಿ, ಒಂದು ಡಬ್ಬಿಯಲ್ಲಿ ತಿಂಡಿ ಹಾಕಿ ಕೈಗೆಟಕುವಲ್ಲಿ ಇಡಿ. ನಾಲ್ಕು ವರ್ಷ ದಾಟಿದ ಮಗುವಿನ ಹೆಸರು ಬದಲಿಸಬೇಡಿ ಎನ್ನುವುದು ನನ್ನ ಅಭಿಪ್ರಾಯ. ಬೇಕಾದರೆ ಪಕ್ಕದಲ್ಲಿ ಇನ್ನೊಂದು ಸೇರಿಸಿ.

ಏರ್‌ಪೋರ್ಟಿಗೆ ಕನ್ನಡ ಕೂಟದ ಅರ್ಧ ಜನ ಬರುವುದು, ವಾರದೊಳಗೆ ನಾಮಕರಣಕ್ಕೆ ನೂರು ಜನರ ಊಟ, ಇವನ್ನು ಮೂರ್ನಾಲ್ಕು ತಿಂಗಳು ಮುಂದಕ್ಕೆ ಹಾಕಿ. ಮೊದಲ ವಾರಗಳಲ್ಲಿ ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು ನೀವಿಬ್ಬರೇ ಮಾಡಿ. ಅಜ್ಜಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಿ.

ಕಾಗದದ ಕೆಲಸ ಇನ್ನೂ ಸ್ವಲ್ಪ ಇದೆ. ಏಜೆನ್ಸಿ ಎರಡು ವರ್ಷ ಕಾರಾಕ್ಕೆ ವರದಿ ಕಳಿಸಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಒಟ್ಟು ಆರು. ಪ್ರತಿ ಸಲ ಫೋಟೋ ಬೇಕು, ಹಬ್ಬದ್ದೇ ಆಗಬೇಕಿಲ್ಲ. ಮಗು ಅಮೆರಿಕದ ಪ್ರಜೆಯಾದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಿ. ಒಪ್ಪಿಸುವ ಮೊದಲು ಪ್ರತಿ ಪುಟದ ಸ್ಕ್ಯಾನ್, ಮತ್ತು ದತ್ತು ಆದೇಶದ ಎರಡು ದೃಢೀಕೃತ ಪ್ರತಿ ತೆಗೆದಿಡಿ. ಮುಂದೊಂದು ದಿನ ಮಗು ತನ್ನ ಮೂಲ ಹುಡುಕಲು ಕಾರಾಕ್ಕೆ ಅರ್ಜಿ ಹಾಕಬಹುದು. 18 ತುಂಬಿದ ಮೇಲೆ ತಾನೇ ಹಾಕಬಹುದು, ಅದಕ್ಕೆ ಮೊದಲಾದರೆ ನಿಮ್ಮ ಜೊತೆ ಸೇರಿ. ಆಗ ಮೊದಲು ಕೇಳುವುದು ಆ ಆದೇಶವನ್ನೇ.